ಸೊಟ್ಟ ಹೊಲಿಗೆಯ ಸೀಟು

ಜನವರಿ ೮

ಮೆಣಸಿನಕಾಯಿಗೆ ಅಣ್ಣನ ಆಶೀರ್ವಾದಗಳು.

ಮೊದಲು ಕುಳಿತುಕೋ. ಅಂಗಡಿಯಲ್ಲಿ ಗಿರಾಕಿ ಇದ್ದರೆ ಅವರ ಕನ್ನಡಕ ಕೊಟ್ಟು ಕಳಿಸಿ, ಆಮೇಲೆ ಓದು. ನಾನು ಕಾರು ಕೊಂಡೆ.

ಈ ವಯಸ್ಸಿನವರೆಗೆ ಬಸ್ಸಿನ ಕಂಬಿ ಹಿಡಿದು ನೇತಾಡಿದ ನಿನ್ನ ಅಣ್ಣ, ಸ್ವಂತಕ್ಕೆ ಒಂದು ಸೈಕಲ್ಲನ್ನೂ ನೆಟ್ಟಗೆ ಇಟ್ಟುಕೊಳ್ಳಲಾರದವನು, ಕಾರು ಕೊಂಡಿದ್ದಾನೆ. ಅದೂ ಅಂತಿಂಥ ಕಾರಲ್ಲ. ವಯಸ್ಸಿನಲ್ಲಿ ನಿನ್ನ ವಾರಗೆಯದು. ಉದ್ದ ಮೂತಿ, ಕಪ್ಪು ಮೈ. ಎದುರಿಗೆ ನಿಂತರೆ ನನ್ನ ತಲೆಯಲ್ಲಿ ಉಳಿದಿರುವ ಕೂದಲನ್ನು ಅದರಲ್ಲಿ ನೋಡಿಕೊಂಡು ಬಾಚಿಕೊಳ್ಳಬಹುದು. ಒಂದು ಕಾಲಕ್ಕೆ ಮಂತ್ರಿಗಳು, ಗಿರಣಿ ಮಾಲೀಕರು ಕೂರುತ್ತಿದ್ದ ಜಾತಿಯದು. ಬೆಲೆ ಕೇಳಬೇಡ. ಮೈಮೇಲೆ ಬಟ್ಟೆ ಉಳಿದಿದೆ, ನಿನ್ನ ಅತ್ತಿಗೆ ಇನ್ನೂ ಮಾತಾಡಿಸುತ್ತಾಳೆ, ಅಷ್ಟು ಸಾಕು.

ಇದು ಸಿಕ್ಕಿದ್ದು ಹೀಗೆ. ನಾನು ಲಿಫ್ಟ್ ನೋಡಿಕೊಳ್ಳುವ ಹಳೆಯ ಕಟ್ಟಡವೊಂದಿದೆ, ಅದರ ಒಡತಿ ಮೇಲ್ಮಹಡಿಯ ಅಜ್ಜಿ. ಲಿಫ್ಟಿನ ತಳದ ಗುಂಡಿಯಲ್ಲಿ ನೀರು ನಿಂತಿದೆ ಎಂದು ನೆಲಮಾಳಿಗೆಗೆ ಇಳಿದಿದ್ದೆ. ಮೂಲೆಯಲ್ಲಿ ಟಾರ್ಪಾಲು ಹೊದ್ದು ಏನೋ ಮಲಗಿತ್ತು. ಹಿಂದೆಯೇ ಬಂದ ಅಜ್ಜಿ ಟಾರ್ಪಾಲಿನ ತುದಿ ಎತ್ತಿದರು. "ನಮ್ಮ ಯಜಮಾನ್ರದ್ದು. ಅವರು ಹೋದ್ಮೇಲೆ ಯಾರೂ ಕೂತಿಲ್ಲ. ಬಾಗಿಲು ತೆಗೆದು ನೋಡಪ್ಪ, ಮುಟ್ಟಿದ್ರೆ ಸವೆಯೋದಿಲ್ಲ" ಎಂದರು.

ಹಿಂದಿನ ಬಾಗಿಲು ತೆಗೆದು ಟಾರ್ಚ್ ಹಾಕಿದೆ. ಸೀಟಿನ ಅಂಚಿಗೆ ಕೈಹೊಲಿಗೆ. ಸಾಲು ನೇರ ಬಂದು ಮೂಲೆ ತಿರುಗುವಲ್ಲಿ ಒಂದರ ಮೈಗೊಂದು ಒತ್ತಿದ ಮೂರು ಪುಟ್ಟ ಹೊಲಿಗೆ, ಮತ್ತೆ ನೇರ ಸಾಲು. ಎಲ್ಲ ಮೂಲೆಯಲ್ಲೂ ಹಾಗೇ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಕೆಲಸ ಹುಡುಕಿಕೊಂಡು ನಾನು ಊರು ಬಿಟ್ಟ ದಿನ ಅಪ್ಪ ಬಸ್ ನಿಲ್ದಾಣದಲ್ಲಿ ಮಾತಿಲ್ಲದೆ ನನ್ನ ಜೇಬಿಗೆ ತುರುಕಿದ ಚರ್ಮದ ಚೀಲ ನಿನಗೆ ಗೊತ್ತಲ್ಲ. ಲಿಫ್ಟಿನ ಬಾಗಿಲ ಕೀಲಿ ಇವತ್ತಿಗೂ ಅದರಲ್ಲೇ ಇರುತ್ತದೆ. ಅದನ್ನು ತೆಗೆದು ಸೀಟಿನ ಮೂಲೆಗೆ ಹಿಡಿದೆ. ಅದೇ ಮೂರು ಹೊಲಿಗೆ.

ಅಜ್ಜಿಯನ್ನು ಕೇಳಿದೆ. ಕಾರು ಹೊರದೇಶದಿಂದ ತರಿಸಿದ್ದಂತೆ, ಸೀಟುಗಳನ್ನು ಮಾತ್ರ ಅವರ ಯಜಮಾನರು ನಮ್ಮೂರ ಕಾಲುವೆ ಪಕ್ಕದ ಷೆಡ್ಡಿನಲ್ಲಿ ಬೇಕೆಂದೇ ಹೊಲಿಸಿದ್ದಂತೆ. ನಮ್ಮ ಅಪ್ಪ, ಊರೆಲ್ಲ 'ಹೊಟ್ಟೆ ಮೇಸ್ತ್ರಿ' ಎಂದು ಕರೆಯುತ್ತಿದ್ದ ಅಪ್ಪ, ಜೀವಮಾನವಿಡೀ ಕೆಲಸ ಮಾಡಿದ ಅದೇ ಷೆಡ್ಡು. ಆ ನೆಲಮಾಳಿಗೆಯಲ್ಲಿ ನಾನು ಅತ್ತುಬಿಟ್ಟೆ. ಅಜ್ಜಿ ತಮ್ಮ ಸೆರಗನ್ನೇ ಕೊಟ್ಟರು. "ಕೈಲಾದಷ್ಟು ಕೊಟ್ಟು ತಗೊಂಡು ಹೋಗಪ್ಪ, ಯಾರಾದ್ರೂ ಕೂರ್ಲಿ ಅಂತಾನೇ ಕಾಯ್ತಿದ್ದೆ" ಎಂದರು. ಆ ತಾಯಿಗೆ ಎಷ್ಟು ಕೈಮುಗಿದರೂ ಕಡಿಮೆ.

ಅಪ್ಪ ಹೋದಾಗ ನಾನು ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರದ್ದೆಂದು ನನಗೆ ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಈಗ ಕೂರುವಷ್ಟು ಉಳಿದಿದೆ. ಓಡಿಸುವುದು ಸರಿಯಾಗಿ ಕೈಗೆ ಹತ್ತಿದ ಮೇಲೆ ಊರಿಗೆ ತಂದು ಅಮ್ಮನನ್ನು ಕೂರಿಸಿ ಸುತ್ತಿಸುತ್ತೇನೆ. ಅಪ್ಪನ ಕೈಕೆಲಸ ಅವಳು ನೋಡಲಿ. ಅವಳಿಗೆ ಈ ಪತ್ರ ಓದಿ ಹೇಳು.

ನಿನ್ನ ಅಣ್ಣ, ಕಾರಿನ ಮಾಲೀಕ

*

ಜನವರಿ ೧೯

ಕಾರಿನ ಮಾಲೀಕರ ಸನ್ನಿಧಾನಕ್ಕೆ ನಿಮ್ಮ ಬಡ ತಂಗಿಯ ನಮಸ್ಕಾರಗಳು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನೀನು ಹಿಡಿಯುವ ಮೊದಲೇ ಹೇಳಿಬಿಡುತ್ತೇನೆ, ನಮ್ಮ ಬೀದಿಗೆ ಆ ಮೂತಿ ತಿರುಗುವುದಿಲ್ಲ. ಬ್ರೆಡ್ ಅಂಗಡಿಯ ಮುಂದೆ ನಿಲ್ಲಿಸಿ ನಡೆದು ಬಾ.

ತಮಾಷೆ ಇರಲಿ. ನಿನ್ನ ಪತ್ರವನ್ನು ಅಂಗಡಿಯಲ್ಲೇ ಓದಿದೆ. ಲೆನ್ಸ್ ಅಳತೆ ಮಾಡಿಸಿಕೊಳ್ಳಲು ಕೂತಿದ್ದ ಗಿರಾಕಿ, "ನಿಮಗೇ ಕಣ್ಣಲ್ಲಿ ನೀರು ಬರ್ತಿದೆ, ನಂಗೇನು ನೋಡ್ತೀರಿ" ಎಂದು ಎದ್ದು ಹೋದರು.

ಅಮ್ಮನಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟಳು. ಮೂರು ಹೊಲಿಗೆಯ ಮಾತು ಬಂದಾಗ ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು. ವಾಪಸ್ಸು ಬಂದು, "ಸೀಟು ಕಡುಗೆಂಪಾ ಕೇಳು" ಎಂದಳು. ನೀನು ಬಣ್ಣ ಬರೆದೇ ಇರಲಿಲ್ಲ. ಹೌದಾ, ಕಡುಗೆಂಪಾ?

ಇನ್ನೊಂದು ವಿಷಯ. ಡ್ಯಾಶ್‌ಬೋರ್ಡಿನ ಮೇಲೆ ಅದು ಇದು ಅಂಟಿಸಬೇಡ. ಕಾರು ಕಾರಿನ ಹಾಗೇ ಇರಲಿ. ಅಮ್ಮ ಆರೋಗ್ಯವಾಗಿದ್ದಾಳೆ, ಬೆರಳುಗಳ ಗಂಟು ಮಾತ್ರ ಚಳಿಗೆ ಹೆಚ್ಚಾಗಿದೆ.

ನಿನ್ನ ಮೆಣಸಿನಕಾಯಿ

*

ಫೆಬ್ರವರಿ ೩

ಪ್ರೀತಿಯ ಮೆಣಸಿನಕಾಯಿ,

ಹೌದು, ಕಡುಗೆಂಪು. ಅಪ್ಪ ಅಮ್ಮನ ಹತ್ತಿರ ಕೆಲಸದ ವಿಷಯವೆಲ್ಲ ಹೇಳಿಕೊಳ್ಳುತ್ತಿದ್ದರು ಎಂದಾಯಿತು. ಇಷ್ಟು ವರ್ಷದ ಮೇಲೂ ಬಣ್ಣ ನೆನಪಿಟ್ಟುಕೊಂಡಿದ್ದಾಳಲ್ಲ. ನನ್ನ ಹತ್ತಿರ ಅವರು ಒಂದು ಮಾತೂ ಆಡಿದವರಲ್ಲ. ಕೊರಗಿ ಹೇಳುತ್ತಿಲ್ಲ, ಈಗ ಕೊರಗೂ ಇಲ್ಲ. ಆದರೆ ಸೀಟಿನಲ್ಲಿ ಕೂತಾಗೆಲ್ಲ ಒಂದು ನೆನಪು ಬರುತ್ತದೆ. ಸಂಜೆ ಗೇಟಿನ ಸದ್ದಾದ ಕೂಡಲೇ ನಾನು ಓಡಿಹೋಗಿ ಅಪ್ಪನ ಹೊಟ್ಟೆಗೆ ತಲೆ ಗುದ್ದಿ ತಬ್ಬಿಕೊಳ್ಳಲು ನೋಡುತ್ತಿದ್ದೆ. ಅವರು ಅಂಗೈ ಅಡ್ಡ ಹಿಡಿದು ನನ್ನನ್ನು ದೂರ ಸರಿಸಿ, "ಹೊರಗೆ ಆಡ್ಕೊ ಹೋಗು" ಎನ್ನುತ್ತಿದ್ದರು. ಒಂದು ದಿನವೂ ತಪ್ಪಿದ್ದಲ್ಲ. ಆಮೇಲಾಮೇಲೆ ನಾನೇ ಓಡುವುದನ್ನು ಬಿಟ್ಟೆ. ಇವತ್ತು ಅದೇ ಕೈ ಹೊಲಿದ ಸೀಟಿನ ಮೇಲೆ ಒರಗಿ ಕೂರುತ್ತೇನೆ. ಸರಿಸುವವರಿಲ್ಲ. ಎಷ್ಟು ದೊಡ್ಡ ಉಪಕಾರ ನೋಡು.

ಕಾರಿನ ಸಮಾಚಾರ ಕೇಳು. ಏರಿನಲ್ಲಿ ನಿಂತುಬಿಟ್ಟಿತು. ಹತ್ತಾರು ಜನ ಸೇರಿ ತಳ್ಳಿದರು, ಒಬ್ಬರೂ ಬೈಯಲಿಲ್ಲ. ಚೆಂದದ ಕಾರಿಗೆ ಜನ ಸಂತೋಷವಾಗಿ ಮೈ ಬಗ್ಗಿಸುತ್ತಾರೆ. ಟ್ರಾಫಿಕ್ ಪೊಲೀಸ್ ಬಂದು ಹಿಂದಿನ ಸೀಟಿಗೆ ಬಗ್ಗಿ ನೋಡಿ, "ಸಾಹೇಬ್ರು ಎಲ್ಲಪ್ಪ?" ಎಂದು ನನ್ನನ್ನು ಕೇಳಿದ. "ಇಳಿದು ಹೋದ್ರು ಸಾರ್" ಎಂದೆ. ನಿನ್ನ ಅತ್ತಿಗೆ ಪಕ್ಕದಲ್ಲಿ ಕೂತು ಮನೆ ಮುಟ್ಟುವವರೆಗೆ ನಕ್ಕಳು. ಹೆತ್ತವರಿಗೆ ಹೆಗ್ಗಣ ಮುದ್ದು, ಏನಾದರೂ ಅಂದುಕೋ.

ಎರಡು ಕೆಲಸ ಬಾಕಿ ಇವೆ. ಒಂದು, 'ನಮ್ಮ ತಂದೆಯ ಕೈಕೆಲಸ' ಎಂದು ಹಿತ್ತಾಳೆಯ ಫಲಕ ಕೆತ್ತಿಸಿದ್ದೇನೆ, ಒಳಗೆ ಮುಂದುಗಡೆ ಎಲ್ಲರಿಗೂ ಕಾಣುವಂತೆ ಹಾಕಿಸಬೇಕು. ಎರಡು, ಚಾಲಕನ ಸೀಟಿನ ಒರಗು. ಯಾವನೋ ಅಡ್ಡಕಸುಬಿ ಅದನ್ನು ಬಿಚ್ಚಿ ಮತ್ತೆ ಹೊಲಿದಿದ್ದಾನೆ. ಕುಡಿದು ನಡೆದವನ ಹಾಗೆ ಸೊಟ್ಟ ಸಾಲು, ಮೂಲೆಯಲ್ಲಿ ಮೂರು ಹೊಲಿಗೆಯ ಬದಲು ಒಂದು ಗಂಟು. ಕೂತರೆ ಬೆನ್ನಿಗೆ ಒತ್ತುತ್ತದೆ. ಅಪ್ಪನ ಕೆಲಸದ ನಡುವೆ ಅದು ಅವಮಾನ. ಸೀಟು ಹೊಲಿಯುವವನಿಗೆ ತೋರಿಸಿದೆ. ಪೂರ್ತಿ ಕಿತ್ತು ಹೊಸದಾಗಿ ಹೊಲಿಯುತ್ತಾನಂತೆ. ಮಾರ್ಚ್ ಮೊದಲ ವಾರ ಮನೆಗೇ ಬರುತ್ತಾನೆ. ಅದಾದ ಮೇಲೆ ಊರಿಗೆ ಹೊರಡುತ್ತೇನೆ.

ಅಣ್ಣ

*

ಫೆಬ್ರವರಿ ೧೩

ಅಣ್ಣನಿಗೆ,

ಫಲಕ ಹಾಕಿಸಬೇಡ. ಕಾರಣ ಕೇಳಬೇಡ. ಕಾರು ಚೆನ್ನಾಗಿದೆ, ನೀನು ಸಂತೋಷವಾಗಿದ್ದೀಯ, ಅಷ್ಟಕ್ಕೇ ನಿಲ್ಲಿಸು. ಅಪ್ಪನಿಗೂ ಅದು ಇಷ್ಟವಾಗುತ್ತಿರಲಿಲ್ಲ.

ಈ ಸಲದ ನಿನ್ನ ಪತ್ರವನ್ನು ಅಮ್ಮನಿಗೆ ಪೂರ್ತಿ ಓದಿಲ್ಲ. ಪೊಲೀಸಿನವನ ಕಥೆ ಮಾತ್ರ ಹೇಳಿದೆ, ನಕ್ಕಳು.

ಅಂಗಡಿಯಲ್ಲಿ ಕೆಲಸ ಹೆಚ್ಚಿದೆ.

ತಂಗಿ

*

ಫೆಬ್ರವರಿ ೨೨

ತಂಗಿಗೆ,

ಅರ್ಥವಾಯಿತು. ಮೊದಲ ಪತ್ರಕ್ಕೇ ಅರ್ಥವಾಗಬೇಕಿತ್ತು.

ಅಪ್ಪನ ಜೊತೆ ಕೊನೆಯವರೆಗೆ ಇದ್ದವಳು ನೀನು. ಅವರ ಮಾತು, ಮೌನ, ಕೆಮ್ಮು ಎಲ್ಲ ನಿನಗೆ ಸಿಕ್ಕಿತು. ನೀನು ಅವರನ್ನು ನೋಡಿಕೊಂಡದ್ದಕ್ಕೆ ನಾನು ಸಾಯುವವರೆಗೆ ಋಣಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಸಿಕ್ಕಿದ್ದು ಒಂದೇ ಒಂದು, ನಾಲ್ಕು ಸೀಟು. ಅದಕ್ಕೂ ಹೆಸರು ಹಾಕಬೇಡ ಎಂದರೆ ಏನು ಹೇಳಲಿ. ಅಪ್ಪನಿಗೆ ಇಷ್ಟವಾಗುತ್ತಿರಲಿಲ್ಲ ಎಂದು ನೀನು ಹೇಳಬೇಕು, ನಾನು ಕೇಳಬೇಕು.

ಸೀಟಿನವನು ಐದನೇ ತಾರೀಖು ಬರುತ್ತಾನೆ. ಫಲಕವೂ ಅವತ್ತೇ ಕೂರುತ್ತದೆ.

ಅಣ್ಣ

*

ಮಾರ್ಚ್ ೨

ನನ್ನ ಮುಂಗೋಪಿ ಅಣ್ಣನಿಗೆ,

ಎರಡು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಅತ್ತಿಗೆಗೆ ಮಾಡಿ, "ಐದನೇ ತಾರೀಖು ಸೀಟಿನವನು ಬಂದ್ರೆ ಕೈ ಹಾಕೋಕೆ ಬಿಡಬೇಡಿ, ಯಾಕೆ ಅಂತ ಪತ್ರದಲ್ಲಿ ಬರೀತೀನಿ" ಎಂದಿದ್ದೇನೆ. ಅವರು ಮರುಮಾತಾಡದೆ ಒಪ್ಪಿದರು. ನಿನ್ನ ಪುಣ್ಯಕ್ಕೆ ಅಂಥ ಹೆಂಡತಿ ಸಿಕ್ಕಿದ್ದಾಳೆ.

ನಿನ್ನ ಸಿಟ್ಟಿನ ಪತ್ರ ಬಂದಾಗ ನನಗೂ ಸಿಟ್ಟು ಬಂತು. ಇಷ್ಟು ದಿನ ಓದದೆ ಉಳಿಸಿದ್ದನ್ನೂ ಸೇರಿಸಿ ಎರಡೂ ಪತ್ರಗಳನ್ನು ಅಮ್ಮನ ಮುಂದೆ ಗಟ್ಟಿಯಾಗಿ ಓದಿದೆ. ಫಲಕದ ಮಾತಿಗೆ ಅವಳು, "ಹಾಕ್ಲಿ ಬಿಡು" ಎಂದಳು. ನಾನು, "ಹಾಗಾದ್ರೆ ನೀನು?" ಎಂದೆ. "ಅವನಿಗೆ ಈಗ ಅಪ್ಪ ಸಿಕ್ಕಿದಾರೆ. ನನ್ನ ಹೆಸರು ಹೇಳಿ ಕಿತ್ಕೋಬೇಡ" ಎಂದಳು. ಆಮೇಲೆ ಚಾಲಕನ ಸೀಟು ಬಂತು. ಸೊಟ್ಟ ಸಾಲು, ಗಂಟು, ಅಡ್ಡಕಸುಬಿ, ಕಿತ್ತು ಹೊಲಿಸುವುದು. ಅಮ್ಮ ನನ್ನ ಕೈಯಿಂದ ಕಾಗದ ಕಿತ್ತುಕೊಂಡಳು. ಓದಲು ಕನ್ನಡಕ ಇರಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದಳು. "ಬಿಚ್ಚಬೇಡ ಅಂತ ಬರಿ. ಅದು ಅವರದ್ದು. ಅದೊಂದೇ ಅವರದ್ದು. ಎಲ್ಲಾ ಬರೆದುಬಿಡು" ಎಂದಳು.

ಆದ್ದರಿಂದ ಬರೆಯುತ್ತಿದ್ದೇನೆ. ಸೀಟುಗಳನ್ನು ಹೊಲಿದವಳು ಅಮ್ಮ.

ಅಪ್ಪನ ಬಲಗೈ ಹೆಬ್ಬೆರಳು ಬಗ್ಗುತ್ತಿರಲಿಲ್ಲ, ನೆನಪಿದೆಯಾ? ನೀನು ತೊಟ್ಟಿಲಲ್ಲಿದ್ದಾಗ ಚರ್ಮ ಕತ್ತರಿಸುವ ಕತ್ತಿ ಜಾರಿ ನರ ತುಂಡಾಗಿತ್ತು. ಅಳತೆ ಹಾಕಬಲ್ಲರು, ಕತ್ತರಿಸಬಲ್ಲರು, ಎಳೆದು ಕೂರಿಸಬಲ್ಲರು, ಸೂಜಿ ಹಿಡಿಯಲಾರರು. ಷೆಡ್ಡಿನಲ್ಲಿ ಅವರನ್ನು ಇಟ್ಟುಕೊಂಡಿದ್ದದ್ದೇ ಕೈಹೊಲಿಗೆಗೆ, ಮೂಲೆಯಲ್ಲಿ ಒಬ್ಬರೇ ಕೂತು ಮಾಡುವ ಕೆಲಸ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಹೆಂಗಸರನ್ನು ಅಲ್ಲಿ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಕತ್ತರಿಸಿದ ಚರ್ಮ ಮನೆಗೆ ಬರುತ್ತಿತ್ತು. ನೀನು ಶಾಲೆಗೆ ಹೋದ ಮೇಲೆ ಅಮ್ಮ ಊಟದ ಮೇಜಿನ ಮೇಲೆ ಹರಡಿಕೊಂಡು ದಬ್ಬಳದಿಂದ ತೂತು ಹಾಕಿ ಹೊಲಿಯುತ್ತಿದ್ದಳು. ಸ್ವಲ್ಪ ಬೆಳೆದ ಮೇಲೆ ನಾನು ಮೇಜಿನ ಕೆಳಗೆ ಕೂತು ದಾರಕ್ಕೆ ಮೇಣ ತಿಕ್ಕುತ್ತಿದ್ದೆ. ನೀನು ಬರುವ ಹೊತ್ತಿಗೆ ಎಲ್ಲ ಮಡಿಸಿ, ಅದೇ ಮೇಜಿನ ಮೇಲೆ ನಿನ್ನ ತಟ್ಟೆ ಇಡುತ್ತಿದ್ದಳು. ಯಾರಿಗೂ ಹೇಳುವುದಿಲ್ಲ ಎಂದು ಅವಳಿಂದ ಅಪ್ಪ ಮಾತು ತೆಗೆದುಕೊಂಡಿರಲಿಲ್ಲ. ಅವಳೇ ಕೊಟ್ಟುಕೊಂಡದ್ದು.

ಮೂಲೆಯ ಮೂರು ಹೊಲಿಗೆ ನೋಡಲು ನೆಲಮಾಳಿಗೆಗೆ ಇಳಿಯಬೇಕಿತ್ತಾ, ಅಣ್ಣ? ನಿನ್ನ ಶಾಲೆಯ ಅಂಗಿಗಳ ಜೇಬಿನ ಮೂಲೆ ಒಂದು ದಿನವೂ ನೋಡಿಲ್ಲವಾ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನಿನಗೆ ಟಾರ್ಚ್ ಬೇಕಾಯಿತು.

ಇನ್ನು ಚರ್ಮ ಮನೆಗೆ ಬರುತ್ತಿದ್ದ ದಾರಿ. ಷೆಡ್ಡಿನ ಗೇಟಿನಲ್ಲಿ ಚೀಲ ತೆಗೆಸಿ ನೋಡುತ್ತಿದ್ದರು. ಅದಕ್ಕೆ ಅಪ್ಪ ಅಂಗಿಯ ಒಳಗೆ ಹೊಟ್ಟೆಗೆ ಸುತ್ತಿಕೊಂಡು ಬರುತ್ತಿದ್ದರು, ಬೆಳಿಗ್ಗೆ ಹಾಗೇ ಸುತ್ತಿಕೊಂಡು ಹೋಗುತ್ತಿದ್ದರು. ಊರವರಿಗೆ ಅವರು ಹೊಟ್ಟೆ ಮೇಸ್ತ್ರಿ. ಮನೆಯಲ್ಲಿ ಉಣ್ಣಲು ಕೂತಾಗ ಎಲ್ಲಿತ್ತು ಅಣ್ಣ ಅವರಿಗೆ ಹೊಟ್ಟೆ? ಹಂಚಿಕಡ್ಡಿಯಂಥ ಮನುಷ್ಯ. ಎಳೆ ಚರ್ಮಕ್ಕೆ ಒಂದು ಮಡಿಕೆ ಬಿದ್ದರೂ ಗುರುತು ಹೋಗುವುದಿಲ್ಲ. ನೀನು ಓಡಿಬಂದು ತಲೆ ಗುದ್ದಲು ನೋಡುತ್ತಿದ್ದದ್ದು ಆ ಚರ್ಮಕ್ಕೇ. ಅವರು ಅಂಗೈ ಅಡ್ಡ ಹಿಡಿಯುತ್ತಿದ್ದದ್ದೂ ಅದಕ್ಕೇ. ಬಿಚ್ಚಿಟ್ಟ ಕೂಡಲೇ ನಿನ್ನನ್ನು ಕರೆಯಲು ಕಿಟಕಿಗೆ ಹೋಗುತ್ತಿದ್ದರಂತೆ. ಅಷ್ಟು ಹೊತ್ತಿಗೆ ನೀನು ಆಟದಲ್ಲಿ ಮುಳುಗಿರುತ್ತಿದ್ದೆ. "ಆಡ್ಲಿ ಬಿಡು" ಎಂದು ಅಲ್ಲೇ ನಿಂತು ನೋಡುತ್ತಿದ್ದರಂತೆ. ಇದನ್ನು ಅಮ್ಮ ನನಗೂ ಮೊನ್ನೆಯೇ ಹೇಳಿದ್ದು.

ಕಡುಗೆಂಪು ಸೀಟು ಅವಳಿಗೆ ನೆನಪಿರುವುದಕ್ಕೆ ಕಾರಣ ನಾನು. ಹಿಂದಿನ ಸೀಟು ಮುಗಿದು ಮುಂದಿನದು ಒಂದು ಮುಗಿಯುವಷ್ಟರಲ್ಲಿ ನಾನು ಹುಟ್ಟಿದೆ. ನಿನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದ್ದರು. ಉಳಿದದ್ದು ಚಾಲಕನ ಸೀಟಿನ ಒರಗು. ಅಮ್ಮನಿಗೆ ಎದ್ದು ಕೂರಲು ಆಗುತ್ತಿರಲಿಲ್ಲ. ಅಪ್ಪ ಮಂಚದ ಪಕ್ಕ ನೆಲದ ಮೇಲೆ ಕೂತು, ತೋರುಬೆರಳಿಗೂ ನಡುಬೆರಳಿಗೂ ನಡುವೆ ಸೂಜಿ ಸಿಕ್ಕಿಸಿಕೊಂಡು ತಾವೇ ಹೊಲಿದರು. ಅಮ್ಮ ಮಲಗಿದಲ್ಲಿಂದಲೇ, "ಎಡಕ್ಕೆ ಹೋಯ್ತು, ಎಡಕ್ಕೆ ಹೋಯ್ತು" ಎನ್ನುತ್ತಿದ್ದಳಂತೆ. ಮೂರು ಹೊಲಿಗೆ ಬರಲಿಲ್ಲ, ಗಂಟು ಹಾಕಿದರು. ಷೆಡ್ಡಿನ ಮಾಲೀಕರು ನೋಡಿ, "ಡ್ರೈವರ್ ಸೀಟು ತಾನೇ, ಸಾಹೇಬ್ರು ಕೂರೋದು ಹಿಂದೆ" ಎಂದು ಬಿಟ್ಟುಬಿಟ್ಟರಂತೆ.

ಆ ಅಡ್ಡಕಸುಬಿ ನಮ್ಮ ಅಪ್ಪ, ಅಣ್ಣ. ಕೀಳಿಸಬೇಡ.

ನಿನ್ನ ತಂಗಿ

*

ಮಾರ್ಚ್ ೯

ನನ್ನ ಮೆಣಸಿನಕಾಯಿ,

ಐದನೇ ತಾರೀಖು ಬೆಳಿಗ್ಗೆ ಸೀಟಿನವನು ಬಂದ. ಹೊರಗೆ ಹೋಗಿ ನೋಡಿದರೆ ನಿನ್ನ ಅತ್ತಿಗೆ ಬಟಾಣಿಯ ಬುಟ್ಟಿ ಇಟ್ಟುಕೊಂಡು ಚಾಲಕನ ಸೀಟಿನಲ್ಲಿ ಕೂತು ಸುಲಿಯುತ್ತಿದ್ದಳು. "ಏಳೇ" ಎಂದೆ. "ಪತ್ರ ಬರೋವರೆಗೂ ಏಳಲ್ಲ" ಎಂದಳು. ಅವನು ಕಾದ, ನಾನು ಕೂಗಾಡಿದೆ, ಅವಳು ಬುಟ್ಟಿ ಮುಗಿಸಿ ಕಣ್ಣು ಮುಚ್ಚಿ ಒರಗಿದಳು. ಅವನು ಸಲಕರಣೆ ಕಟ್ಟಿಕೊಂಡು ಹೋದ. ಮಧ್ಯಾಹ್ನ ನಿನ್ನ ಪತ್ರ ಬಂತು.

ಕಾರಿನಲ್ಲೇ ಕೂತು ಓದಿದೆ. ಮೊದಲು ಅಪ್ಪ ಕೈಬಿಟ್ಟು ಹೋದ ಹಾಗಾಯಿತು, ನಿಜ ಹೇಳುತ್ತೇನೆ. ಹಿಂದಿನ ಸೀಟಿನ ಮೇಲೆ ಕೈಯಿಟ್ಟು, ಇದು ಅಮ್ಮ, ಇದೂ ಅಮ್ಮ ಎಂದುಕೊಂಡೆ. ಜೇಬಿನ ಚೀಲವೂ ಅಮ್ಮ. ಅಪ್ಪ ಅದನ್ನು ನಿಲ್ದಾಣಕ್ಕೆ ಹೊತ್ತು ತಂದವರು ಅಷ್ಟೇ. ಆಮೇಲೆ ಹೊಟ್ಟೆಯ ಮಾತಿಗೆ ಬಂದೆ. ಮುಂದೆ ಓದಲು ಬಹಳ ಹೊತ್ತು ಹಿಡಿಯಿತು.

ಒಂದು ಸಲ ತಲೆ ತಾಗಿತ್ತು, ತಂಗಿ. ಅವರು ಕೈ ಅಡ್ಡ ತರುವ ಮೊದಲೇ. ಹೊಟ್ಟೆ ಗಟ್ಟಿಯಾಗಿ, ತಣ್ಣಗೆ ಇತ್ತು. ಅಪ್ಪಂದಿರ ಹೊಟ್ಟೆಯೇ ಹಾಗೆ ಎಂದುಕೊಂಡಿದ್ದೆ.

ನಿನ್ನ ಮೇಲಿನ ಸಿಟ್ಟಿನಲ್ಲಿ ಬರೆದ ಆ ಪತ್ರವನ್ನು ಒಲೆಗೆ ಹಾಕು. ನೀನು ಬಾಯಿ ಕಟ್ಟಿಕೊಂಡಿದ್ದದ್ದಕ್ಕೂ, ಈಗ ಬಿಟ್ಟದ್ದಕ್ಕೂ ನಾನು ಋಣಿ. ಹದಿನೈದರಂದು ಹೊರಡುತ್ತೇವೆ. ಫಲಕ ಜೊತೆಗೆ ತರುತ್ತಿದ್ದೇನೆ, ಎಲ್ಲಿ ಹಾಕಬೇಕೆಂದು ಅಮ್ಮ ಹೇಳಲಿ. ಇನ್ನೊಂದು ಕೆತ್ತಿಸಬೇಕಾದರೆ ಅದನ್ನೂ ಅವಳೇ ಹೇಳಲಿ.

ಅಣ್ಣ

*

ಮಾರ್ಚ್ ೨೪

ಅಣ್ಣನಿಗೆ,

ಕ್ಷೇಮವಾಗಿ ವಾಪಸ್ಸು ತಲುಪಿದಿರಿ ಎಂದು ಅತ್ತಿಗೆ ತಿಳಿಸಿದರು. ನಮ್ಮ ಬೀದಿಗೆ ಆ ಮೂತಿ ತಿರುಗಿತು, ಒಪ್ಪಿದೆ. ಬ್ರೆಡ್ ಅಂಗಡಿಯವರ ಬೋರ್ಡಿಗೆ ಆದದ್ದು ಸಣ್ಣ ಗಾಯ, ಅವರೇ ನಗುತ್ತಿದ್ದಾರೆ.

ನೀನು ಮುಂದೆ ನೋಡಿ ಓಡಿಸುತ್ತಿದ್ದೆ, ಹಾಗಾಗಿ ಹಿಂದೆ ನಡೆದದ್ದನ್ನು ಬರೆಯುತ್ತೇನೆ. "ಮುಂದೆ ಕೂತ್ಕೋ ಅಮ್ಮ" ಎಂದು ನೀನು ಎಷ್ಟು ಕರೆದೆ. "ನಾನು ಹೊಲಿದ ಕಡೆ ಕೂರ್ತೀನಿ, ನೀನು ಅವರು ಹೊಲಿದ ಕಡೆ ಕೂತ್ಕೋ" ಎಂದಳಲ್ಲ. ಕೂತವಳು ಕಾಲುವೆ ದಾಟುವವರೆಗೂ ಗೊಂಬೆಯ ಹಾಗೆ ನೆಟ್ಟಗಿದ್ದಳು. ಸಾಹೇಬರ ಸೀಟು, ಕೊಳೆಯಾದರೆ ಎಂಬ ಭಯ ಇನ್ನೂ ಹೋಗಿರಲಿಲ್ಲ. ಷೆಡ್ಡಿದ್ದ ಜಾಗ ದಾಟಿದ ಮೇಲೆ ಮೆಲ್ಲಗೆ ಒರಗಿದಳು. ಆಮೇಲೆ ಚಪ್ಪಲಿ ಬಿಟ್ಟು ಕಾಲನ್ನೂ ಮೇಲಿಟ್ಟಳು. ದಾರಿಯುದ್ದಕ್ಕೂ ಬೆರಳು ಮೂರು ಹೊಲಿಗೆಯ ಆ ಮೂಲೆಯ ಮೇಲೇ ಇತ್ತು. ಈಗ ಅವಳಿಗೆ ಸೂಜಿ ಹಿಡಿಯಲು ಆಗುವುದಿಲ್ಲ, ಹೊಲಿಗೆ ಮಾತ್ರ ಬೆರಳಿಗೆ ಗೊತ್ತು. "ಚೆನ್ನಾಗಿ ಹೊಲಿದಿದೀನಲ್ಲೇ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ತನ್ನನ್ನು ತಾನು ಹೊಗಳಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎರಡನೇ ಫಲಕ ಬೇಡವಂತೆ. ನನ್ನ ಗುರುತು ಮೂಲೆಮೂಲೆಗೂ ಇದೆ ಎನ್ನುತ್ತಾಳೆ.

ಮೆಣಸಿನಕಾಯಿ

*

ಏಪ್ರಿಲ್ ೨

ಪ್ರೀತಿಯ ತಂಗಿಗೆ,

ಅಮ್ಮ ಹೇಳಿದ ಜಾಗದಲ್ಲೇ ಫಲಕ ಕೂತಿದೆ, ಚಾಲಕನ ಸೀಟಿನ ಬೆನ್ನಿಗೆ. 'ನಮ್ಮ ತಂದೆಯ ಕೈಕೆಲಸ' ಎಂದು ಓದಿ, ಪಕ್ಕದ ಸೊಟ್ಟ ಸಾಲು ನೋಡಿ ಜನ ನಗು ತಡೆದುಕೊಳ್ಳುತ್ತಾರೆ. ನಾನೂ ನಗುತ್ತೇನೆ. ಮೇಲ್ಮಹಡಿಯ ಅಜ್ಜಿಯನ್ನೂ ಒಂದು ಸುತ್ತು ಕರೆದುಕೊಂಡು ಹೋದೆ. ಆ ಸೀಟು ಸೊಟ್ಟ ಎಂದು ಅವರ ಡ್ರೈವರು ಆಗಲೇ ಗೊಣಗುತ್ತಿದ್ದನಂತೆ. ಕಥೆಯೆಲ್ಲ ಹೇಳಿದೆ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಪ್ಪ ಎಂದರು. ಮರೆಯದೆ ತಿಳಿಸು.

ಊರಿನಿಂದ ವಾಪಸ್ಸು ಬರುವಾಗ ಅರ್ಧ ದಾರಿಯಲ್ಲಿ ನಿನ್ನ ಅತ್ತಿಗೆ, "ಆ ಗಂಟು ಬೆನ್ನಿಗೆ ಒತ್ತಲ್ವಾ? ಒಂದು ದಿಂಬು ಇಡ್ಲಾ?" ಎಂದು ಕೇಳಿದಳು. ಒತ್ತುತ್ತಿತ್ತು. ಸರಿಯಾಗಿ ಬೆನ್ನಿನ ನಡುವೆ, ಯಾರೋ ಅಂಗೈ ಇಟ್ಟ ಹಾಗೆ. ಬೇಡ ಎಂದೆ. ಮನೆ ಮುಟ್ಟುವವರೆಗೂ ನಾನು ಸರಿದು ಕೂರಲಿಲ್ಲ.

ಅಣ್ಣ